ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೇಳಲು ವಾಷಿಂಗ್ಟನ್‌ಗೆ: ನಿಮ್ಮ ಡಿಸ್ಟ್ರಿಕ್ಟ್‌ನಿಂದ ಯಾರು ಬರುತ್ತೀರಿ?

ಕ್ಯಾರಿ ಅಕ್ಕ

ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳು, ಅಂದರೆ 2025ರ ಸೆಪ್ಟೆಂಬರ್‌ನಲ್ಲಿ, ಮತ್ತೆ ವಾಷಿಂಗ್ಟನ್‌ಗೆ ಹೊರಟಿದ್ದೇನೆ. ನಾರ್ತ್ ಕೆರೊಲಿನಾದ ಸಂಸದರ ಕಚೇರಿಗಳಿಗೆ ಹೋಗಿ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೊಡಿ ಎಂದು ಕೇಳುವುದು ಕೆಲಸ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಕ್ಯಾನ್ಸರ್ ಆಕ್ಷನ್ ನೆಟ್‌ವರ್ಕ್ ಪ್ರತಿ ವರ್ಷ ಇದನ್ನು ಏರ್ಪಾಡು ಮಾಡುತ್ತದೆ. ಎಲ್ಲ ರಾಜ್ಯಗಳಿಂದ ಜನ ಬರುತ್ತಾರೆ. ಚಿಕಿತ್ಸೆ ನಡೆಯುತ್ತಿರುವವರು, ಗುಣವಾದವರು, ಮನೆಯವರನ್ನು ಕಳೆದುಕೊಂಡವರು, ನರ್ಸ್‌ಗಳು. ಯಾರಿಗೂ ಇದಕ್ಕೆ ಸಂಬಳ ಇಲ್ಲ.

ನಮ್ಮವರು ಮಾತ್ರ ಅಲ್ಲಿ ತೀರಾ ಕಡಿಮೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ನೂರಾರು ಜನ ಸೇರುತ್ತೇವೆ. ಅದರಲ್ಲಿ ಕ್ಯಾನ್ಸರ್ ನೋಡದ ಮನೆ ಎಷ್ಟಿದೆ ಹೇಳಿ? ಆದರೆ ಸಂಸದರ ಕಚೇರಿಯ ಬಾಗಿಲು ತಟ್ಟಲು ಕರೆದರೆ "ಅದೆಲ್ಲಾ ನಮಗ್ಯಾಕೆ" ಅನ್ನುತ್ತೇವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ವರ್ಷ ಯಾಕೆ ಮುಖ್ಯ ಅಂದರೆ, 2026ರ ಹಣಕಾಸು ವರ್ಷಕ್ಕೆ ಅಧ್ಯಕ್ಷರ ಬಜೆಟ್ ಪ್ರಸ್ತಾವದಲ್ಲಿ ಎನ್‌ಐಎಚ್‌ಗೆ, ಅಂದರೆ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ, ಸುಮಾರು ಶೇ. 40ರಷ್ಟು ಕಡಿತ ಇದೆ. ಅದರೊಳಗೇ ಬರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಎನ್‌ಸಿಐ, ಈಗ ಪಡೆಯುವುದು ವರ್ಷಕ್ಕೆ ಸುಮಾರು 720 ಕೋಟಿ ಡಾಲರ್. ಪ್ರಸ್ತಾವದಲ್ಲಿ ಇರುವುದು ಸುಮಾರು 450 ಕೋಟಿ. ಆದರೆ ಅಧ್ಯಕ್ಷರು ಕಳಿಸುವುದು ಬರೀ ಪ್ರಸ್ತಾವ. ಖಜಾನೆಯ ಬೀಗದಕೈ ಇರುವುದು ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತಿನ, ಕೈಯಲ್ಲಿ. ಜುಲೈ 31ಕ್ಕೆ ಮೇಲ್ಮನೆಯಾದ ಸೆನೆಟ್‌ನ ಹಣಕಾಸು ಹಂಚಿಕೆ ಸಮಿತಿ ಆ ಕಡಿತವನ್ನು ಒಪ್ಪಲಿಲ್ಲ. ಬದಲಿಗೆ ಎನ್‌ಐಎಚ್‌ಗೆ 40 ಕೋಟಿ ಡಾಲರ್ ಜಾಸ್ತಿ ಮಾಡಿತು, ಅದರಲ್ಲಿ 15 ಕೋಟಿ ಎನ್‌ಸಿಐಗೆ. ಎರಡು ಪಕ್ಷದವರೂ ಸೇರಿ ಮಾಡಿದ್ದು. ಕೆಳಮನೆಯಾದ ಹೌಸ್‌ನ ಕಡೆಯಿಂದ ಮಸೂದೆ ಇನ್ನೂ ಬರಬೇಕು. ಅಕ್ಟೋಬರ್ 1ಕ್ಕೆ ಹೊಸ ಹಣಕಾಸು ವರ್ಷ ಶುರು.

ಹಾಗಾಗಿ ಈ ಸಲ ನಾವು ಕೇಳುವುದು ಒಂದೇ: ಸೆನೆಟ್ ಸಮಿತಿ ಇಟ್ಟ ಮೊತ್ತಕ್ಕಿಂತ ಕೆಳಗಿಳಿಯಬೇಡಿ.

ನನಗೆ ಬಂದಿದ್ದು ಹರ್-2 ಪಾಸಿಟಿವ್ ಸ್ತನ ಕ್ಯಾನ್ಸರ್, ಹರ್-2 ಎಂಬ ಪ್ರೋಟೀನ್ ಜಾಸ್ತಿ ಇರುವ ಬಗೆ. ಇದಕ್ಕೆ ತಕ್ಕ ಔಷಧ ಬರುವ ಮುಂಚೆ ಈ ಬಗೆಯದು ಬಂದರೆ ಬೇಗ ಹರಡುತ್ತದೆ ಎಂದು ಡಾಕ್ಟರುಗಳೇ ಹೆದರುತ್ತಿದ್ದರು. 1998ರಲ್ಲಿ ಹರ್ಸೆಪ್ಟಿನ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಆಪರೇಷನ್ ಆದಮೇಲೆ ಕೀಮೋ ಜೊತೆ ಅದನ್ನು ಕೊಟ್ಟರೆ ಕ್ಯಾನ್ಸರ್ ಮರಳುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2005ರಲ್ಲಿ ತೋರಿಸಿದ ಅಮೆರಿಕದ ಎರಡು ಟ್ರಯಲ್‌ಗಳನ್ನು ನಡೆಸಿದ್ದು ಎನ್‌ಸಿಐ ಬೆಂಬಲದಿಂದ. ಆ ಹಣಕ್ಕಾಗಿ ನನಗೆ ಪರಿಚಯವೇ ಇಲ್ಲದ ಹೆಂಗಸರು ಸಂಸದರ ಕಚೇರಿಗಳಿಗೆ ಅಲೆದಿದ್ದರು. ಈಗ ಅಲೆಯುವ ಸರದಿ ನಮ್ಮದು ಅಂತ ನನಗೆ ಅನ್ನಿಸುತ್ತದೆ.

ಯಾರು ಬರುತ್ತೀರಿ? ಯಾವ ಡಿಸ್ಟ್ರಿಕ್ಟ್, ಅಂದರೆ ಯಾವ ಸಂಸದರ ಕ್ಷೇತ್ರ? ಇಲ್ಲೇ ತಿಳಿಸಿ.

ಎಡಿಸನ್ ರಾಯರು

ನಿಮ್ಮ ಆರೋಗ್ಯ ಚೆನ್ನಾಗಿರಲಿ ತಾಯಿ. ನೀವು ಮಾಡುತ್ತಿರುವುದಕ್ಕೆ ಗೌರವ ಇದೆ. ಆದರೂ ಎರಡು ಮಾತು ಕೇಳಬೇಕು.

ಒಂದು, ಔಷಧ ಕಂಡುಹಿಡಿಯುವುದು ಕಂಪನಿಗಳಲ್ಲವೇ? ಲಾಭ ಅವರಿಗೆ, ಖರ್ಚು ತೆರಿಗೆ ಕಟ್ಟುವವನಿಗೆ ಅಂದರೆ ಹೇಗೆ? ನನ್ನ ಹೆಂಡತಿಯ ಒಂದು ತಿಂಗಳ ಮಾತ್ರೆಯ ಬಿಲ್ ನೋಡಿ ನಾನು ಗಾಬರಿಯಾಗಿದ್ದೇನೆ. ಅದೇ ಔಷಧಕ್ಕೆ ನನ್ನ ತೆರಿಗೆಯೂ ಹೋಗಿತ್ತು ಅಂದರೆ ಸಿಟ್ಟು ಬರುವುದಿಲ್ಲವೇ?

ಎರಡು, ಅಧ್ಯಕ್ಷ ನಿಕ್ಸನ್ ಕಾಲದಿಂದ ಕ್ಯಾನ್ಸರ್ ಮೇಲೆ ಯುದ್ಧ ಅನ್ನುತ್ತಿದ್ದಾರೆ. ಐವತ್ತು ವರ್ಷದ ಮೇಲಾಯಿತು. ಎಲ್ಲಿ ಗೆದ್ದೆವು? ಇಷ್ಟು ಸಾಲ ಇರುವ ದೇಶದಲ್ಲಿ ಪ್ರತಿಯೊಬ್ಬರೂ ತಮ್ಮ ಕಾಯಿಲೆಗೆ ಜಾಸ್ತಿ ಕೊಡಿ ಅಂದರೆ ಕೊನೆ ಎಲ್ಲಿ?

ಲ್ಯಾಬ್ ಹುಡುಗ

ರಾಯರೇ, ನಿಮ್ಮ ಮೊದಲನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಾನು ಕ್ಯಾನ್ಸರ್ ಲ್ಯಾಬ್ ಒಂದರಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡುವವನು.

ಕಂಪನಿ ಬರುವುದು ದಾರಿ ಕಂಡಮೇಲೆ. ಗುರಿ ಯಾವುದು ಎಂದೇ ಗೊತ್ತಿಲ್ಲದ ಹೊತ್ತಲ್ಲಿ ಹತ್ತು ಹದಿನೈದು ವರ್ಷ ಕೂತು ಹುಡುಕುವವರು ಯೂನಿವರ್ಸಿಟಿ ಲ್ಯಾಬ್‌ನವರು. ಅವರ ಅನ್ನ ಎನ್‌ಐಎಚ್ ಗ್ರಾಂಟ್. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ನೋಡಿ. ಎನ್‌ಸಿಐನ ಒಳಗೇ ಡಗ್ಲಸ್ ಲೋವಿ ಮತ್ತು ಜಾನ್ ಷಿಲ್ಲರ್ ಅದರ ತಳಹದಿ ಹಾಕಿದರು. ಆಮೇಲೆ ಕಂಪನಿಗಳು ಕೈಹಾಕಿ, 2006ರಲ್ಲಿ ಲಸಿಕೆ ಬಂತು. ಕಂಪನಿಯ ಪಾತ್ರ ಸಣ್ಣದಲ್ಲ, ದೊಡ್ಡ ಟ್ರಯಲ್‌ಗಳಿಗೆ ಭಾರಿ ದುಡ್ಡು ಹಾಕುವುದು ಅವರೇ. ಆದರೆ ಮೊದಲ ಹೆಜ್ಜೆ ಅವರು ಇಡುವುದು ಅಪರೂಪ.

ಔಷಧದ ಬೆಲೆ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನೂ ಸಂಸದರ ಮುಂದೆ ಹೇಳಬೇಕು. ಆದರೆ ಬೆಲೆ ಜಾಸ್ತಿ ಅಂತ ಸಂಶೋಧನೆಯ ದುಡ್ಡು ಕಡಿದರೆ ಕಂಪನಿಗೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ನನ್ನಂಥವರ ಲ್ಯಾಬ್‌ಗೆ.

ಒಳಗಿನ ಸ್ಥಿತಿ ಹೇಳುತ್ತೇನೆ. ಗ್ರಾಂಟ್ ಅರ್ಜಿಗಳನ್ನು ಬೇರೆ ವಿಜ್ಞಾನಿಗಳು ಓದಿ ಅಂಕ ಕೊಡುತ್ತಾರೆ. ಎಷ್ಟನೇ ಸ್ಥಾನದವರೆಗೆ ದುಡ್ಡು ಸಿಗುತ್ತದೆ ಅನ್ನುವುದಕ್ಕೆ ಪೇಲೈನ್ ಅನ್ನುತ್ತೇವೆ. ಎನ್‌ಸಿಐನಲ್ಲಿ 2024ರಲ್ಲಿ ಅದು 10ನೇ ಪರ್ಸೆಂಟೈಲ್. ಅಂದರೆ ನೂರರಲ್ಲಿ ಹತ್ತರೊಳಗೆ ಬಂದರೆ ಮಾತ್ರ. ಅದೇ ಕಷ್ಟ. ಈ ವರ್ಷ ಅದು 4ಕ್ಕೆ ಇಳಿದಿದೆ. ಆರು, ಏಳನೇ ಜಾಗದಲ್ಲಿರುವ ಅರ್ಜಿ ಕೆಟ್ಟದ್ದೇನಲ್ಲ. ತುಂಬಾ ಒಳ್ಳೆಯದು. ಆದರೂ ಇಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಲ್ಯಾಬ್ ಬಿಟ್ಟು ಬ್ಯಾಂಕಿನ ಕೆಲಸಕ್ಕೆ ಸೇರಿದಳು. ಅವಳ ಕೈಯಲ್ಲಿದ್ದ ಪ್ರಾಜೆಕ್ಟ್ ಮುಂದುವರಿಸಲು ಈಗ ಯಾರೂ ಇಲ್ಲ. ನಿಂತ ಲ್ಯಾಬ್ ಮುಂದಿನ ವರ್ಷ ದುಡ್ಡು ಬಂದರೆ ಎದ್ದು ಕೂರುವುದಿಲ್ಲ. ಇಲಿಗಳು ಹೋಗಿರುತ್ತವೆ, ಕೋಶಗಳು ಹೋಗಿರುತ್ತವೆ, ಕಲಿತ ಕೈಗಳೂ ಹೋಗಿರುತ್ತವೆ.

ಗೆದ್ದದ್ದೆಲ್ಲಿ ಅಂದಿರಿ. 1991ರಿಂದ 2022ರ ಹೊತ್ತಿಗೆ ಅಮೆರಿಕದಲ್ಲಿ ಕ್ಯಾನ್ಸರ್ ಸಾವಿನ ದರ ಶೇ. 34ರಷ್ಟು ಇಳಿದಿದೆ. ಸುಮಾರು 45 ಲಕ್ಷ ಸಾವು ತಪ್ಪಿದೆ ಎಂದು ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಲೆಕ್ಕ. ಅದರಲ್ಲಿ ಸಿಗರೇಟು ಕಡಿಮೆಯಾಗಿದ್ದರ ಪಾಲು ದೊಡ್ಡದು, ಒಪ್ಪುತ್ತೇನೆ. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿದ್ದೂ ಸಂಶೋಧನೆಯೇ ಅಲ್ವಾ?

ಸನ್ನಿವೇಲ್ ಟೆಕ್ಕಿ

ಅಕ್ಕ, ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ಹೋದ ವರ್ಷ ಹೋದರು. ಏನಾದರೂ ಮಾಡಬೇಕು ಅನ್ನಿಸುತ್ತದೆ. ಆದರೆ ನಾನು ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ. ವೋಟ್ ಇಲ್ಲ. ವೋಟ್ ಇಲ್ಲದವನನ್ನು ಅವರು ಯಾಕೆ ಒಳಗೆ ಬಿಡುತ್ತಾರೆ? ಲಾಬಿ ಮಾಡಿದ ಅಂತ ವೀಸಾಗೆ ತೊಂದರೆ ಆಗಲ್ವಾ? ಜೊತೆಗೆ ಸೆಪ್ಟೆಂಬರ್‌ನಲ್ಲಿ ರಜೆ ಸಿಗುವುದು ಕಷ್ಟ.

ಕ್ಯಾರಿ ಅಕ್ಕ

ಅಮ್ಮನ ವಿಷಯ ಕೇಳಿ ಬೇಜಾರಾಯಿತು ತಮ್ಮಾ.

ನಿಮ್ಮ ಪ್ರಶ್ನೆ ಇನ್ನೂ ಬಹಳ ಜನರ ಮನಸ್ಸಲ್ಲಿ ಇರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೇ. ಆ ಡಿಸ್ಟ್ರಿಕ್ಟ್‌ನಲ್ಲಿ ವಾಸ ಮಾಡುವ ಎಲ್ಲರೂ ಆ ಸಂಸದರ ಕಚೇರಿಗೆ ಸೇರಿದವರೇ. ಸರ್ಕಾರದ ಮುಂದೆ ಅಹವಾಲು ಇಡುವ ಹಕ್ಕನ್ನು ಸಂವಿಧಾನದ ಮೊದಲ ತಿದ್ದುಪಡಿ ಕೊಡುತ್ತದೆ, ಅದು ಪ್ರಜೆಗಳಿಗೆ ಮಾತ್ರ ಅಂತ ಇಲ್ಲ. ಲಾಬಿ ಮಾಡುವವರು ಹೆಸರು ನೋಂದಾಯಿಸಬೇಕು ಅನ್ನುವ ಕಾನೂನು ಸಂಬಳಕ್ಕೆ ಲಾಬಿ ಮಾಡುವವರಿಗೆ. ಸ್ವಯಂಸೇವಕರಿಗೆ ಅಲ್ಲ. ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ: ಪ್ರಜೆಯೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದವರು ಯಾವ ಚುನಾವಣಾ ಪ್ರಚಾರಕ್ಕೂ ದುಡ್ಡು ಕೊಡುವ ಹಾಗಿಲ್ಲ. ಹತ್ತು ಡಾಲರ್ ಕೂಡ ಬೇಡ. ಮಾತಾಡುವುದು ಬೇರೆ, ದುಡ್ಡು ಕೊಡುವುದು ಬೇರೆ. ಇಷ್ಟಾದ ಮೇಲೂ ಮನಸ್ಸಿಗೆ ಅಳುಕಿದ್ದರೆ ನಿಮ್ಮ ವಕೀಲರನ್ನು ಒಂದು ಮಾತು ಕೇಳಿ. ಯಾರೂ ನಿಮ್ಮನ್ನು ಒತ್ತಾಯ ಮಾಡಬಾರದು.

ವಾಷಿಂಗ್ಟನ್‌ಗೇ ಬರಬೇಕಿಲ್ಲ. ಆಗಸ್ಟ್‌ನಲ್ಲಿ ಕಾಂಗ್ರೆಸ್‌ಗೆ ಬಿಡುವು. ಸಂಸದರು ಊರಲ್ಲೇ ಇರುತ್ತಾರೆ. ಪ್ರತಿಯೊಬ್ಬರಿಗೂ ಡಿಸ್ಟ್ರಿಕ್ಟ್ ಕಚೇರಿ ಇದೆ. ವೆಬ್‌ಸೈಟ್‌ನಲ್ಲಿ ಅಪಾಯಿಂಟ್‌ಮೆಂಟ್ ಕೇಳುವ ಫಾರಂ ಇರುತ್ತದೆ. ಅಲ್ಲಿ ಮನೆ ವಿಳಾಸ, ಪಿನ್ ಕೋಡ್ ಹಾಕಲೇಬೇಕು. ಅವರು ಮೊದಲು ನೋಡುವುದೇ ಅದನ್ನು. ಲಂಚ್ ಹೊತ್ತಲ್ಲಿ ಹೋಗಿ ಬರಬಹುದು.

ಈಗ ಒಳಗೆ ಏನಾಗುತ್ತದೆ ಹೇಳುತ್ತೇನೆ, ಇದು ಎಲ್ಲರಿಗೂ.

ಹೆಚ್ಚಿನ ಸಲ ಸಂಸದರು ಸಿಗುವುದಿಲ್ಲ. ಅವರ ಸಿಬ್ಬಂದಿ ಸಿಗುತ್ತಾರೆ. ಆರೋಗ್ಯದ ವಿಷಯ ನೋಡಿಕೊಳ್ಳುವ ಒಬ್ಬ ಹುಡುಗ, ಇಲ್ಲ ಹುಡುಗಿ. ವಯಸ್ಸು ಇಪ್ಪತ್ತೈದು ಇಪ್ಪತ್ತಾರು ಇರಬಹುದು. "ಸಂಸದರೇ ಇಲ್ವಾ" ಅಂತ ಮುಖ ಸಣ್ಣ ಮಾಡಬೇಡಿ. ಯಾವ ಪತ್ರಕ್ಕೆ ಸಹಿ ಹಾಕಬೇಕು, ಯಾವ ಮಸೂದೆಗೆ ಹೆಸರು ಕೊಡಬೇಕು ಅಂತ ಸಂಸದರ ಕಿವಿಗೆ ಹಾಕುವವರು ಇವರೇ. ನಮ್ಮ ರಾಜ್ಯದ ಒಂದು ಕಚೇರಿಯಲ್ಲಿ ಕುರ್ಚಿ ಸಾಲದೆ ಕಾರಿಡಾರ್‌ನಲ್ಲಿ ನಿಂತೇ ಮಾತಾಡಿದೆವು. ಆ ಹುಡುಗ ಗೋಡೆಗೆ ನೋಟ್‌ಬುಕ್ ಒತ್ತಿ ಹಿಡಿದು ಎಲ್ಲ ಬರೆದುಕೊಂಡ. ಒಳ್ಳೇ ಭೇಟಿಗಳಲ್ಲಿ ಅದೂ ಒಂದು.

ಸಿಗುವುದು ಹದಿನೈದು ನಿಮಿಷ. ಕೆಲವು ಸಲ ಎಂಟು. ಅದಕ್ಕೇ ಮೊದಲೇ ಮಾತು ಹಂಚಿಕೊಳ್ಳಬೇಕು. ಒಬ್ಬರು ಪರಿಚಯ ಮಾಡಿಕೊಡುವುದು, ಒಬ್ಬರು ತಮ್ಮ ಕಥೆ ಹೇಳುವುದು, ಒಬ್ಬರು ನೇರವಾಗಿ ಕೇಳುವುದು. ನಮ್ಮವರಿಗೆ ಕಷ್ಟವಾಗುವುದು ಈ ಕೊನೆಯದು. ಹೇಳಿಕೊಳ್ಳುತ್ತೇವೆ, ಕಣ್ಣೀರೂ ಹಾಕುತ್ತೇವೆ, ಆಮೇಲೆ "ನಿಮ್ಮಿಂದ ಆದಷ್ಟು ಸಹಾಯ ಮಾಡಿ" ಅಂತ ಎದ್ದು ಬರುತ್ತೇವೆ. ಅಷ್ಟು ಸಾಲದು. "ಆದಷ್ಟು" ಅಂದರೆ ಅವರಿಗೆ ಏನೂ ಮಾಡಬೇಕಾಗಿಲ್ಲ. ಎನ್‌ಸಿಐಗೆ ಇಷ್ಟು ಡಾಲರ್ ಅಂತ ಅಂಕಿ ಹೇಳಿ. ನಿಮ್ಮ ಸಂಸದರು ಇದಕ್ಕೆ ಬೆಂಬಲ ಕೊಡುತ್ತಾರಾ ಅಂತ ಕೇಳಿ. ಕೇಳಿ ಸುಮ್ನೆ ಕೂತುಕೊಳ್ಳಿ. ಉತ್ತರ ಅವರು ಕೊಡಲಿ. "ವಿಚಾರಿಸಿ ಹೇಳುತ್ತೇವೆ" ಅಂದರೆ ಯಾವಾಗ ಫೋನ್ ಮಾಡಲಿ ಅಂತ ಆಗಲೇ ಕೇಳಿಕೊಳ್ಳಿ.

ದುಡ್ಡು ಹಂಚುವ ಕೆಲಸ ಹನ್ನೆರಡು ಮಸೂದೆಗಳಲ್ಲಿ ನಡೆಯುತ್ತದೆ. ಎನ್‌ಐಎಚ್ ಬರುವುದು ಕಾರ್ಮಿಕ, ಆರೋಗ್ಯ, ಶಿಕ್ಷಣ ಸೇರಿರುವ ಮಸೂದೆಯಲ್ಲಿ. ಅದರ ಉಪಸಮಿತಿಯಲ್ಲಿ ನಿಮ್ಮ ಸಂಸದರು ಇದ್ದರೆ ನಿಮ್ಮ ಮಾತಿಗೆ ತೂಕ ಜಾಸ್ತಿ. ಇಲ್ಲದಿದ್ದರೂ ಅವರು ಆ ಉಪಸಮಿತಿಗೆ ಪತ್ರ ಬರೆಯಬಹುದು. ಚಳಿಗಾಲ ಮುಗಿದು ವಸಂತ ಬರುವ ಹೊತ್ತಿಗೆ ಸಂಸದರು ಒಬ್ಬರಿಗೊಬ್ಬರು "ಇದಕ್ಕೆ ಸಹಿ ಹಾಕಿ" ಎಂದು ಪತ್ರ ಓಡಾಡಿಸುತ್ತಾರೆ. ಯಾರ ಸಹಿ ಇದೆ, ಯಾರದ್ದಿಲ್ಲ ಅನ್ನುವುದು ನಮಗೂ ಕಾಣುತ್ತದೆ. ಕಳೆದ ಸಲ ಸಹಿ ಹಾಕಿದ್ದರೆ ಮೊದಲ ವಾಕ್ಯದಲ್ಲೇ ಧನ್ಯವಾದ ಹೇಳಿ.

ಪಕ್ಷದ ಮಾತು ಎತ್ತಬೇಡಿ. ಯಾರನ್ನೂ ಬೈಯಬೇಡಿ. ಆ ಕೋಣೆಯಲ್ಲಿ ಕೂತಿರುವ ಹುಡುಗಿಯ ಅಜ್ಜಿಗೂ ಕ್ಯಾನ್ಸರ್ ಬಂದಿರಬಹುದು.

ಹಳೇ ಪೇಪರ್ ಪ್ರೇಮಿ

ಬಾಸ್ಟನ್‌ನಿಂದ. ರಾಯರು ನಿಕ್ಸನ್ ಹೆಸರು ತೆಗೆದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಈ ಕಥೆ ನನಗೆ ಬಹಳ ಇಷ್ಟ.

ಆ ಯುದ್ಧ ಶುರುವಾಗಿದ್ದು 1971ರ ಕ್ಯಾನ್ಸರ್ ಕಾನೂನಿನಿಂದ. ಆ ಕಾನೂನು ತಾನಾಗಿ ಬಂದಿದ್ದಲ್ಲ. ಮೇರಿ ಲ್ಯಾಸ್ಕರ್ ಅನ್ನುವ ಹೆಂಗಸು ಹಟ ಹಿಡಿದು ತಂದಿದ್ದು. ಡಾಕ್ಟರ್ ಅಲ್ಲ, ವಿಜ್ಞಾನಿ ಅಲ್ಲ. ಜೊತೆಗೆ ನಮ್ಮ ಬಾಸ್ಟನ್‌ನ ಮಕ್ಕಳ ಡಾಕ್ಟರ್ ಸಿಡ್ನಿ ಫಾರ್ಬರ್. 1969ರ ಡಿಸೆಂಬರ್‌ನಲ್ಲಿ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿಸಿದರು. ಮಿಸ್ಟರ್ ನಿಕ್ಸನ್, ನೀವು ಕ್ಯಾನ್ಸರ್ ಗುಣಪಡಿಸಬಲ್ಲಿರಿ ಅಂತ ನೇರವಾಗಿ ಅಧ್ಯಕ್ಷರಿಗೇ. 1971ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಓದುಗರಿಗೆ ಸಲಹೆ ಕೊಡುತ್ತಿದ್ದ ಆನ್ ಲ್ಯಾಂಡರ್ಸ್ ತಮ್ಮ ಅಂಕಣದಲ್ಲಿ ಓದುಗರಿಗೆ ನಿಮ್ಮ ಸೆನೆಟರ್‌ಗೆ ಪತ್ರ ಬರೆಯಿರಿ ಎಂದರು. ಲಕ್ಷಾಂತರ ಪತ್ರ ಬಂದು ಸೆನೆಟ್ ಕಚೇರಿಗಳಲ್ಲಿ ರಾಶಿ ಬಿದ್ದವು. ಮಸೂದೆ ಸೆನೆಟ್‌ನಲ್ಲಿ 79-1ರಿಂದ ಪಾಸಾಯಿತು. 1971ರ ಡಿಸೆಂಬರ್ 23ಕ್ಕೆ ನಿಕ್ಸನ್ ಸಹಿ ಹಾಕಿದರು.

ಲ್ಯಾಸ್ಕರ್ ಗುಂಪು ಆಗ ಆಸೆ ತೋರಿಸಿದ್ದು ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಕೆಲವೇ ವರ್ಷದಲ್ಲಿ ಕ್ಯಾನ್ಸರ್ ಮುಗಿಸಿಬಿಡಬಹುದು ಅನ್ನುವ ಧಾಟಿ ಇತ್ತು. ರಾಯರ ಸಿಟ್ಟಿನ ಬೇರು ಅಲ್ಲೇ ಇದೆ. ಅದಕ್ಕೇ ಇವತ್ತು ಕೇಳುವವರು "ಗುಣಪಡಿಸಿಬಿಡುತ್ತಾರೆ" ಅನ್ನದೆ, ಏನು ಆಗಿದೆ, ಏನು ನಿಂತಿದೆ ಅಂತ ಹೇಳುವುದು ಒಳ್ಳೆಯದು.

ನನಗೆ ಇನ್ನೂ ಇಷ್ಟವಾದದ್ದು ಸ್ತನ ಕ್ಯಾನ್ಸರ್‌ನ ಹೆಂಗಸರ ಕಥೆ. 1991ರಲ್ಲಿ ನ್ಯಾಷನಲ್ ಬ್ರೆಸ್ಟ್ ಕ್ಯಾನ್ಸರ್ ಕೊಯಲಿಷನ್ ಶುರುವಾಯಿತು. ಆ ವರ್ಷ ಆ ಕ್ಯಾನ್ಸರ್ ಬರಬಹುದಾದ ಒಬ್ಬೊಬ್ಬ ಹೆಂಗಸಿಗೆ ಒಂದರಂತೆ 1,75,000 ಪತ್ರ ಸೇರಿಸೋಣ ಅಂತ ಹೊರಟರು. ಸೇರಿದ್ದು ಆರು ಲಕ್ಷ. 1992ರಲ್ಲಿ ಇನ್ನೂ 30 ಕೋಟಿ ಡಾಲರ್ ಬೇಕು ಅಂದರು. ಎಲ್ಲಿಂದ ಬಂತು ಆ ಅಂಕಿ? ಸುಮ್ನೆ ಹೇಳಿದ್ದಲ್ಲ. ವಿಜ್ಞಾನಿಗಳನ್ನು ಕರೆಸಿ ಕೂರಿಸಿ, ಯಾವ ಕೆಲಸ ಬಾಕಿ ಇದೆ, ಎಷ್ಟು ಬೇಕು ಅಂತ ಲೆಕ್ಕ ಹಾಕಿಸಿದ್ದರು.

ದುಡ್ಡು ಇಲ್ಲ ಎಂಬ ಉತ್ತರ ಬಂತು. ಆಗಿನ ನಿಯಮದ ಪ್ರಕಾರ ರಕ್ಷಣಾ ಬಜೆಟ್‌ನಿಂದ ಆರೋಗ್ಯದ ಬಜೆಟ್‌ಗೆ ದುಡ್ಡು ದಾಟಿಸುವ ಹಾಗಿರಲಿಲ್ಲ. ಸರಿ, ದಾಟಿಸುವುದೇ ಬೇಡ ಅಂತ ಸೆನೆಟರ್ ಟಾಮ್ ಹಾರ್ಕಿನ್ ಸೈನ್ಯದ ಬಜೆಟ್‌ನೊಳಗೇ ಸ್ತನ ಕ್ಯಾನ್ಸರ್ ಸಂಶೋಧನೆಗೆ 21 ಕೋಟಿ ಡಾಲರ್ ಇಡಿಸಿದರು! ಆ ಕಾರ್ಯಕ್ರಮ ಅಲ್ಲಿಂದ ಮುಂದೆಯೂ ರಕ್ಷಣಾ ಇಲಾಖೆಯಲ್ಲೇ ಬೆಳೆಯಿತು. ಯಾವ ಅರ್ಜಿಗೆ ದುಡ್ಡು ಕೊಡಬೇಕು ಅಂತ ತೀರ್ಮಾನಿಸುವ ಮೇಜಿನಲ್ಲಿ ರೋಗ ಅನುಭವಿಸಿದವರಿಗೂ ಜಾಗ ಇದೆ, ಅವರಿಗೂ ವೋಟ್ ಇದೆ. ಇದನ್ನೂ ಆ ಹೆಂಗಸರೇ ಹಟ ಮಾಡಿ ಇಡಿಸಿದ್ದು.

ಕ್ಯಾರಿ ಅಕ್ಕ, ನೀವು ಹೇಳಿದ ಪರಿಚಯ ಇಲ್ಲದ ಹೆಂಗಸರು ಇವರೇ ಇರಬೇಕು.

ಬೆಂಗಳೂರು ಸಿಸ್ಟರ್

ಊರಿಂದ ಓದುತ್ತಿದ್ದೇನೆ. ಕ್ಯಾನ್ಸರ್ ವಾರ್ಡ್‌ನಲ್ಲಿ ನರ್ಸ್ ಕೆಲಸ.

ಅಲ್ಲಿ ನೀವು ಕೇಳಿ ತರುವ ದುಡ್ಡು ಇಲ್ಲಿಗೂ ಬಂದಿದೆ ಅಂತ ಹೇಳಬೇಕು ಅನ್ನಿಸಿತು. 1998ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನವರು ಕೊಳೆಗೇರಿಗಳ ಸುಮಾರು 1,50,000 ಹೆಂಗಸರ ಜೊತೆ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಗರ್ಭಕಂಠಕ್ಕೆ ವಿನಿಗರ್‌ನಂಥ ತಿಳಿ ಆಮ್ಲ ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆ. ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಮಾಡಿದ್ದು ಡಾಕ್ಟರ್ ಅಲ್ಲ, ಹತ್ತನೇ ಕ್ಲಾಸ್ ಓದಿ ಕೆಲವು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಗರ್ಭಕಂಠದ ಕ್ಯಾನ್ಸರ್ ಸಾವು ಶೇ. 31ರಷ್ಟು ಕಡಿಮೆಯಾಯಿತು ಅಂತ 2013ರಲ್ಲಿ ತಿಳಿಸಿದರು. ಅದಕ್ಕೆ ದುಡ್ಡು ಕೊಟ್ಟಿದ್ದು ನಿಮ್ಮ ಎನ್‌ಸಿಐ. ಇದನ್ನು ನಿಮ್ಮ ಸಂಸದರಿಗೆ ಹೇಳಿ.

ಆದರೆ ನನಗೆ ಒಂದು ಬೇಸರ ಇದೆ. ನಮ್ಮಲ್ಲಿ ಹೀಗೆ ಕೇಳುವ ರೂಢಿ ಇಲ್ಲ. ನಾವು ಶಾಸಕರ ಮನೆಗೆ ಹೋಗುವುದು ಒಬ್ಬ ರೋಗಿಗೆ ಬೆಡ್ ಕೊಡಿಸಿ, ಮುಖ್ಯಮಂತ್ರಿ ನಿಧಿಯಿಂದ ದುಡ್ಡು ಕೊಡಿಸಿ ಅಂತ. ತಪ್ಪಲ್ಲ, ಮನೆ ಹೊತ್ತಿ ಉರಿಯುವಾಗ ಮೊದಲು ನೀರು ಬೇಕು. ಆದರೆ ಮುಂದಿನ ವರ್ಷದ ರೋಗಿಗಾಗಿ, ಇನ್ನೂ ಮುಖ ನೋಡದವರಿಗಾಗಿ ಕೇಳಲು ಯಾರೂ ಹೋಗುವುದಿಲ್ಲ. 2022ರಲ್ಲಿ ಭಾರತದಲ್ಲಿ ಹೊಸದಾಗಿ ಸುಮಾರು 14 ಲಕ್ಷ ಜನಕ್ಕೆ ಕ್ಯಾನ್ಸರ್ ಎಂದು ಅಂದಾಜು. ಸಾವು 9 ಲಕ್ಷ ದಾಟಿದೆ. ನಾವು ರೋಗ ಬಲಿತ ಮೇಲೆ ಬಂದವರನ್ನೇ ನೋಡುತ್ತಿರುತ್ತೇವೆ.

ದಾರಿಗಳು ಇಲ್ಲಿಯೂ ಇವೆ. ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2022ರಲ್ಲಿ ಕ್ಯಾನ್ಸರ್ ಬಗ್ಗೆಯೇ ಒಂದು ವರದಿ ಕೊಟ್ಟಿದೆ. ಸಂಶೋಧನೆ, ಖರ್ಚು ಎಲ್ಲ ಅದರಲ್ಲಿದೆ. ಇಂಥ ಸಮಿತಿಗಳು ಜನರ ಅಭಿಪ್ರಾಯವನ್ನೂ ಕರೆಯುತ್ತವೆ, ನಾವು ಬರೆಯುವುದಿಲ್ಲ ಅಷ್ಟೇ. ಸಂಸದರ ಕೈಯಲ್ಲಿ ಪ್ರಶ್ನೆ ಕೇಳಿಸಬಹುದು, ಶೂನ್ಯವೇಳೆಯಲ್ಲಿ ಎತ್ತಿಸಬಹುದು. ಈ ವರ್ಷದ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ, 2025-26ರಲ್ಲೇ 200 ಅಂತ ಹೇಳಿದ್ದಾರೆ. ನಮ್ಮ ಜಿಲ್ಲೆಗೆ ಯಾವಾಗ ಅಂತ ಎಂಪಿ ಕಚೇರಿಗೆ ಕಾಗದ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಕಿದ್ವಾಯಿಯಲ್ಲಿ 1982ರಿಂದ ನಡೆಯುತ್ತಿದೆ. ಅಂಕಿ ಅಂಶ ಕೈಯಲ್ಲಿದೆ. ಅದನ್ನು ಹಿಡಿದು ಹೋಗುವವರು ಬೇಕು.

ಮಗಳ ಅಪ್ಪ

ಮಿಷಿಗನ್‌ನಿಂದ. ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ರಕ್ತದ ಕ್ಯಾನ್ಸರ್, ಎಎಲ್‌ಎಲ್. ಈಗ ಹೈಸ್ಕೂಲು ಮುಗಿಸುತ್ತಿದ್ದಾಳೆ.

ಡಾಕ್ಟರ್ ಮೊದಲ ದಿನವೇ ಹೇಳಿದ್ದರು, ಈ ಕಾಯಿಲೆಯ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ ಅಂತ. ಆ ಒಂದು ಮಾತು ಹಿಡಿದುಕೊಂಡು ನಾವು ಎರಡು ವರ್ಷದ ಮೇಲಿನ ಚಿಕಿತ್ಸೆ ದಾಟಿದೆವು. 1940ರ ದಶಕದಲ್ಲಿ ಇದೇ ಕಾಯಿಲೆ ಬಂದ ಮಗು ಕೆಲವೇ ತಿಂಗಳು ಇರುತ್ತಿತ್ತು. ಮೇಲೆ ಹೇಳಿದ ಸಿಡ್ನಿ ಫಾರ್ಬರ್ 1947ರ ಕೊನೆಯಲ್ಲಿ ಅಮಿನೊಪ್ಟೆರಿನ್ ಕೊಟ್ಟು ನೋಡಿದರು. ಕೆಲವು ಮಕ್ಕಳಲ್ಲಿ ರೋಗ ಸ್ವಲ್ಪ ದಿನ ಹಿಂದೆ ಸರಿಯಿತು. ಆ ಔಷಧ ಬಂದಿದ್ದು ಲೆಡರ್ಲೆ ಲ್ಯಾಬ್‌ನಿಂದ, ಅಲ್ಲಿ ಸಂಶೋಧನೆಯ ಮುಂದಾಳು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದರ ಬಂಧುವಾದ ಮೆಥೊಟ್ರೆಕ್ಸೇಟ್ ನನ್ನ ಮಗಳ ಮೈಯಲ್ಲೂ ಹರಿದಿದೆ. ಕೆಲವೇ ತಿಂಗಳು ಎಂದಿದ್ದು ಹತ್ತರಲ್ಲಿ ಒಂಬತ್ತು ಆಗಲು ಒಂದಾದ ಮೇಲೊಂದು ಟ್ರಯಲ್ ಬೇಕಾಯಿತು. ಪ್ರತಿ ಟ್ರಯಲ್‌ಗೂ ಯಾರೋ ದುಡ್ಡು ಕೊಟ್ಟಿದ್ದಾರೆ, ಯಾರೋ ತಮ್ಮ ಮಗುವನ್ನು ಸೇರಿಸಲು ಒಪ್ಪಿದ್ದಾರೆ.

ನಾನು ಸಂಸದರ ಹತ್ತಿರ ಹೋಗುವುದು ಬದುಕದ ಆ ಹತ್ತನೇ ಮಗುವಿಗಾಗಿ. ನಮ್ಮ ವಾರ್ಡ್‌ನಲ್ಲಿ ಪಕ್ಕದ ರೂಮಿನ ಹುಡುಗ ಮನೆಗೆ ಹೋಗಲಿಲ್ಲ.

ಒಂದು ಪುಟ್ಟ ಹುಡುಗಿಯ ಮಾತಿಗೂ ಬೆಲೆ ಸಿಕ್ಕಿದ್ದನ್ನು ಹೇಳಬೇಕು. ಗೇಬ್ರಿಯೆಲಾ ಮಿಲ್ಲರ್ ವರ್ಜೀನಿಯಾದವಳು. ಮೆದುಳಿನ ಗಡ್ಡೆ. 2013ರಲ್ಲಿ, ಹತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲೂ ದೊಡ್ಡವರು ಬರೀ ಮಾತಾಡುತ್ತಾರೆ, ಕೆಲಸ ಮಾಡಲಿ ಅಂತ ಕೇಳಿದ್ದಳು. 2014ರ ಏಪ್ರಿಲ್‌ನಲ್ಲಿ ಅವಳ ಹೆಸರಿನ ಕಾನೂನು ಬಂತು. ರಾಜಕೀಯ ಪಕ್ಷಗಳ ಸಮಾವೇಶಕ್ಕೆ ಕೊಡುತ್ತಿದ್ದ ಸರ್ಕಾರಿ ದುಡ್ಡು ನಿಲ್ಲಿಸಿ, ಮಕ್ಕಳ ಕಾಯಿಲೆಗಳ ಸಂಶೋಧನೆಗೆ ವರ್ಷಕ್ಕೆ 1.26 ಕೋಟಿ ಡಾಲರ್‌ನಂತೆ ಹತ್ತು ವರ್ಷ. ಎನ್‌ಸಿಐ ಲೆಕ್ಕದಲ್ಲಿ ಸಣ್ಣ ಮೊತ್ತ. ಆದರೂ ನೋಡಿ. 2018ರ ಸ್ಟಾರ್ ಕಾನೂನೂ ಮಕ್ಕಳ ಅಪ್ಪ ಅಮ್ಮಂದಿರು ವರ್ಷಾನುಗಟ್ಟಲೆ ಓಡಾಡಿ ತಂದಿದ್ದು. ಗುಣವಾದ ಮಕ್ಕಳಿಗೆ ಆಮೇಲೆ ಬರುವ ತೊಂದರೆಗಳ ಬಗ್ಗೆ ಅದರಲ್ಲಿ ಇದೆ. ನನ್ನ ಮಗಳ ಹೃದಯವನ್ನು ಇವತ್ತಿಗೂ ಪರೀಕ್ಷೆ ಮಾಡಿಸುತ್ತೇವೆ, ಹಾಗಾಗಿ ಅದು ನಮಗೆ ಪುಸ್ತಕದ ವಿಷಯ ಅಲ್ಲ.

ಇನ್ನೊಂದು. ನಮ್ಮ ಕೂಟದಲ್ಲಿ ಡೆಟ್ರಾಯಿಟ್ ಸಂಸದ ಶ್ರೀ ಥಾನೇದಾರ್ ನಮ್ಮ ಕಡೆಯವರು, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಅವರನ್ನೇ ಕೇಳಿದರೆ ಆಯಿತು ಅನ್ನುವವರಿದ್ದಾರೆ. ಅವರ ಡಿಸ್ಟ್ರಿಕ್ಟ್‌ನವರು ಕೇಳಲಿ, ಒಳ್ಳೆಯದು. ಉಳಿದವರು ತಮ್ಮ ತಮ್ಮ ಸಂಸದರ ಹತ್ತಿರ ಹೋಗಬೇಕು. ಹೆಸರು ನಮ್ಮದಲ್ಲದ, ನಮ್ಮ ಊರು ಎಲ್ಲಿದೆ ಅಂತ ಗೊತ್ತಿಲ್ಲದ ಸಂಸದರಿಗೆ ನಾವು ಕಾಣಬೇಕು.

ಎಡಿಸನ್ ರಾಯರು

ಎಲ್ಲ ಓದಿದೆ. ಮಗಳ ಅಪ್ಪನವರ ಬರಹ ಎರಡು ಸಲ ಓದಿದೆ.

ನನ್ನ ಬೆಲೆಯ ಪ್ರಶ್ನೆ ಹಾಗೇ ಇದೆ, ಬಿಡುವುದಿಲ್ಲ. ಜನರ ದುಡ್ಡಿನಿಂದ ಹುಟ್ಟಿದ ಔಷಧ ಜನರ ಕೈಗೆ ಸಿಗಬೇಕು. ಇದನ್ನು ಹೇಳದೆ ಬರೀ ದುಡ್ಡು ಕೊಡಿ ಅನ್ನಲು ನನ್ನಿಂದ ಆಗದು. ಮೇದೋಜೀರಕದ ಕ್ಯಾನ್ಸರ್ ಬಂದವರಲ್ಲಿ ಐದು ವರ್ಷ ಬದುಕುವವರು ಇವತ್ತಿಗೂ ಶೇ. 13 ಅಷ್ಟೇ. ನನ್ನ ತಮ್ಮ ಅದರಲ್ಲೇ ಹೋದ. ಅವನಿಗಾಗಿ ಸಂಶೋಧನೆ ಬೇಡ ಅನ್ನುವವನು ನಾನಲ್ಲ. ಶೇ. 40 ಕಡಿಯುವುದು ಸರಿಯಲ್ಲ ಅನ್ನುವುದನ್ನು ಒಪ್ಪುತ್ತೇನೆ.

ನಮ್ಮ ನ್ಯೂ ಜೆರ್ಸಿಯ ಭೇಟಿಯಲ್ಲಿ ಬೆಲೆಯ ಮಾತು ಎತ್ತಬಹುದೇ?

ಕ್ಯಾರಿ ಅಕ್ಕ

ರಾಯರೇ, ಖಂಡಿತ ಎತ್ತಿ. ಆದರೆ ಅದಕ್ಕೆ ಬೇರೆ ಭೇಟಿ ಕೇಳಿ, ಇಲ್ಲ ಬೇರೆ ಪತ್ರ ಬರೆಯಿರಿ. ಒಂದೇ ಹದಿನೈದು ನಿಮಿಷದಲ್ಲಿ ಮೂರು ವಿಷಯ ಹೇಳಿದರೆ ಅವರು ತಮಗೆ ಸುಲಭವಾದದ್ದನ್ನು ಹಿಡಿದುಕೊಂಡು ಉಳಿದದ್ದು ಬಿಡುತ್ತಾರೆ. ಈ ಭೇಟಿಯಲ್ಲಿ ತಮ್ಮನ ವಿಷಯ ಹೇಳಿ. ಶೇ. 13 ಅನ್ನುವ ಅಂಕಿಯನ್ನೂ ಹೇಳಿ. ಕಡಿಮೆ ಗೆದ್ದಿರುವ ಕಡೆಯೇ ಕೆಲಸ ಜಾಸ್ತಿ ಬಾಕಿ ಇದೆ.

ಲ್ಯಾಬ್ ಹುಡುಗನಿಗೆ ಒಂದು ಮಾತು. ನೀವು ಬರುವುದಾದರೆ ರಜೆ ಹಾಕಿ, ನಿಮ್ಮ ಸ್ವಂತ ಖರ್ಚಲ್ಲಿ, ನಿಮ್ಮ ಸ್ವಂತ ಇಮೇಲ್‌ನಿಂದ ಬನ್ನಿ. ಗ್ರಾಂಟ್ ದುಡ್ಡನ್ನು ಲಾಬಿಗೆ ಬಳಸುವಂತಿಲ್ಲ. ಪೇಲೈನ್ 10ರಿಂದ 4ಕ್ಕೆ ಇಳಿದ ಕಥೆಯನ್ನು ನಮಗೆ ಹೇಳಿದ ಹಾಗೆಯೇ ಹೇಳಿ. ಕಚೇರಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ಡಿಸ್ಟ್ರಿಕ್ಟ್‌ನ ಯೂನಿವರ್ಸಿಟಿಗೆ ಎಷ್ಟು ಎನ್‌ಐಎಚ್ ದುಡ್ಡು ಬರುತ್ತದೆ ಅನ್ನುವುದನ್ನು ಎನ್‌ಐಎಚ್ ತನ್ನ ತಾಣದಲ್ಲೇ ಹಾಕಿದೆ. ಪ್ರಿಂಟ್ ತೆಗೆದುಕೊಂಡು ಹೋಗಿ. ಎಲ್ಲ ಪಕ್ಷದವರೂ ಆ ಹಾಳೆ ಓದುತ್ತಾರೆ.

ಬೆಂಗಳೂರು ಸಿಸ್ಟರ್, ಮುಂಬೈ ಅಧ್ಯಯನದ ವಿಷಯ ನಮ್ಮ ಗುಂಪಿನ ಟಿಪ್ಪಣಿಗೆ ಸೇರಿಸುತ್ತಿದ್ದೇನೆ. ನಿಮ್ಮ ಕಾಗದದ ಕರಡು ಇಲ್ಲಿ ಹಾಕಿ. ನಮ್ಮೆಲ್ಲರ ಅಪ್ಪ ಅಮ್ಮಂದಿರು ಒಂದೊಂದು ಜಿಲ್ಲೆಯಲ್ಲಿದ್ದಾರೆ. ಅವರ ಕೈಯಲ್ಲಿ ಸಹಿ ಹಾಕಿಸಿ ಅವರವರ ಎಂಪಿಗೆ ಕಳಿಸಬಹುದು.

ಅಕ್ಟೋಬರ್ 1ರೊಳಗೆ ಮಸೂದೆ ಪಾಸಾಗದಿದ್ದರೆ ಹಳೇ ಮೊತ್ತದಲ್ಲೇ ಕೆಲವು ವಾರ, ತಿಂಗಳು ತಳ್ಳುತ್ತಾರೆ, ಇಲ್ಲ ಸರ್ಕಾರವೇ ನಿಲ್ಲುತ್ತದೆ. ಹಾಗಾದರೆ ಸೋತೆವು ಅಂತ ಕೂರಬೇಡಿ. ಆಗಲೂ ಮಾತುಕತೆ ನಡೆಯುತ್ತಲೇ ಇರುತ್ತದೆ. ಆ ತಿಂಗಳುಗಳಲ್ಲಿ ಬರುವ ಫೋನ್‌ಗಳನ್ನೂ ಅವರು ಲೆಕ್ಕ ಇಡುತ್ತಾರೆ. ಈ ದುಡ್ಡು ಒಮ್ಮೆ ಕೊಟ್ಟು ಮುಗಿಯುವಂಥದ್ದಲ್ಲ. ಪ್ರತಿ ವರ್ಷ ಹೊಸದಾಗಿ ಬರೆಯುತ್ತಾರೆ, ಅದಕ್ಕೇ ಪ್ರತಿ ವರ್ಷ ಹೋಗಬೇಕು.

ಸನ್ನಿವೇಲ್ ಟೆಕ್ಕಿ

ಅಕ್ಕ, ಡಿಸ್ಟ್ರಿಕ್ಟ್ ಕಚೇರಿಗೆ ಫಾರಂ ತುಂಬಿದೆ. ವಕೀಲರನ್ನೂ ಕೇಳಿದೆ, ಅಡ್ಡಿಯಿಲ್ಲ ಅಂದರು. ಮುಂದಿನ ಗುರುವಾರ ಹನ್ನೊಂದೂವರೆಗೆ ಬರಲು ಹೇಳಿದ್ದಾರೆ. ಒಬ್ಬನೇ ಹೋಗಲು ಸ್ವಲ್ಪ ಭಯ. ಇಲ್ಲಿ ಸೌತ್ ಬೇ ಕಡೆಯವರು ಯಾರಾದರೂ ಜೊತೆಗೆ ಬರುತ್ತೀರಾ? ಅಮ್ಮನ ಫೋಟೋ ತೆಗೆದುಕೊಂಡು ಹೋಗಬಹುದಾ?

ಕ್ಯಾರಿ ಅಕ್ಕ

ತೆಗೆದುಕೊಂಡು ಹೋಗಿ. ಫೋಟೋ ಹಿಂದೆ ಅಮ್ಮನ ಹೆಸರು, ನಿಮ್ಮ ಹೆಸರು, ಫೋನ್ ನಂಬರ್, ಎನ್‌ಸಿಐಗೆ ಕೇಳುತ್ತಿರುವ ಮೊತ್ತ ಬರೆದು ಒಂದು ಪ್ರತಿಯನ್ನು ಅಲ್ಲೇ ಬಿಟ್ಟು ಬನ್ನಿ. ಅದೇ ಸಂಜೆ ಥ್ಯಾಂಕ್ಸ್ ಹೇಳಿ ಇಮೇಲ್ ಹಾಕಿ. ಬುಧವಾರ ರಾತ್ರಿ ಫೋನ್ ಮಾಡಿ, ಇಬ್ಬರೂ ಸೇರಿ ಒಂದು ಸಲ ಹೇಳಿ ನೋಡೋಣ.

ಫ್ರೀಮಾಂಟ್ ಅಮ್ಮ

ನಾನೂ ಸನ್ನಿವೇಲ್ ಹುಡುಗನೂ ಒಂದೇ ಡಿಸ್ಟ್ರಿಕ್ಟ್. ಗುರುವಾರ ನಾನು ಬರುತ್ತೇನಪ್ಪಾ. ಹನ್ನೊಂದು ಗಂಟೆಗೆ ಕಚೇರಿಯ ಬಾಗಿಲಲ್ಲಿ ಸಿಗೋಣ. ಕಾರಿದೆ, ಬೇಕಿದ್ದರೆ ಮನೆಯಿಂದಲೇ ಕರೆದುಕೊಂಡು ಹೋಗುತ್ತೇನೆ.